ಗಂಡ ಒಂದು ಬಾಗಿಲಿಗೆ, ಹೆಂಡತಿ ಒಂದು ಬಾಗಿಲಿಗೆ

ಕಳೆದ ತಿಂಗಳು ಕುಷ್ಟಗಿ ಸಂತೆಯಲ್ಲಿ ಗಿಡಮೂಲಿಕೆ ಮಾರುವವನ ಅಂಗಡಿ ಮುಂದೆ ಸೀಗೆಪುಡಿ ಕೊಳ್ಳುತ್ತ ನಿಂತಿದ್ದೆ. ಒಳಗೆ ಯಾರೋ ಬಾಲಮೆಣಸು ಕುಟ್ಟುತ್ತಿದ್ದರು. ಮೆಣಸಿನ ಖಾರ, ಕರ್ಪೂರದ ತಂಪು, ಎರಡೂ ಒಂದೇ ಉಸಿರಿನಲ್ಲಿ ಮೂಗಿಗೆ ಹತ್ತಿದವು. ಅಂಗಡಿಯವನು ಪುಡಿಯ ಪೊಟ್ಟಣ ಚಾಚಿದ್ದು ನನಗೆ ಗೊತ್ತೇ ಆಗಲಿಲ್ಲ. ನಾನು ಗಂಗಾವತಿಯ ಹಳೇ ಬಜಾರಿನಲ್ಲಿ, ಅಬ್ಬಾನ ದವಾಖಾನೆಯ ಹೊಸ್ತಿಲಲ್ಲಿ ನಿಂತಿದ್ದೆ. ಮನಸ್ಸು ನೇರವಾಗಿ ಆ ಒಂದು ಬೇಸಿಗೆಗೆ ಹೋಗಿ ಮುಟ್ಟಿತ್ತು.

ಅಬ್ಬಾ ಹಕೀಮರು. ಅವರ ಅಪ್ಪನೂ ಹಕೀಮರೇ. ನಾನು ಊರ ಕನ್ನಡ ಸಾಲಿಯಲ್ಲಿ ಓದಿ, ಆಮೇಲೆ ಯುನಾನಿ ವೈದ್ಯದಲ್ಲೇ ಪದವಿ ಮಾಡಿ, ಆ ವರ್ಷ ಯಲಬುರ್ಗಾದ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ಕೆಲಸಕ್ಕಿದ್ದೆ. ವಾರವೆಲ್ಲ ಯಲಬುರ್ಗಾ, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ಸಂಜೆಗೆ ಗಂಗಾವತಿ. ಒಂದೇ ಜಿಲ್ಲೆಯಾದರೂ ಎರಡು ಬೇರೆ ದೇಶಗಳಂತೆ ಇರುತ್ತಿದ್ದವು. ಯಲಬುರ್ಗಾದ ಕಡೆ ಎರೆಭೂಮಿ ಬಾಯಿ ಬಿಟ್ಟು ಮಳೆಗೆ ಕಾಯುತ್ತಿತ್ತು, ಬೇವಿನ ನೆರಳಷ್ಟೇ ಹಸಿರು. ಗಂಗಾವತಿ ಹತ್ತಿರಾದಂತೆ ಕಾಲುವೆಯ ನೀರು, ಅದರ ಎರಡೂ ಬದಿಗೆ ಬೇಸಿಗೆ ಬೆಳೆಯ ಭತ್ತ ಹಣ್ಣಾಗಿ ನಿಂತಿರುತ್ತಿತ್ತು. ಏಪ್ರಿಲ್ ಕೊನೆಗೆ ಭತ್ತ ಕೊಯ್ಯುವ ದೊಡ್ಡ ಮಷೀನುಗಳು ರಸ್ತೆಯ ಪೂರ್ತಿ ಅಗಲ ಹಿಡಿದು ಬರುತ್ತಿದ್ದವು. ಊರೆಲ್ಲ ಹೊಟ್ಟಿನ ಧೂಳು. ಕೆಮ್ಮು, ತುರಿಕೆ, ಕಣ್ಣುರಿ ಅಂತ ಅಬ್ಬಾನ ಬಾಗಿಲಲ್ಲಿ ಜನವೋ ಜನ.

ಅಂಥ ಒಂದು ಶನಿವಾರ ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡೇ ದವಾಖಾನೆಯೊಳಗೆ ಕಾಲಿಟ್ಟೆ. ಪರದೆಯ ಆಚೆ ಒಬ್ಬ ಗಂಡಸು ಸಣ್ಣ ದನಿಯಲ್ಲಿ ಹೇಳುತ್ತಿದ್ದ.

"ಭಾಳ ಉಷ್ಣ ಆಗೇತ್ರಿ ಹಕೀಮಸಾಬ್ರ. ಮಷೀನಿನ ಮ್ಯಾಲೆ ಕುಂತು ಕುಂತು. ಒಂದಕ್ಕ ಹೋದ್ರ ಬೆಂಕಿ ಬಿದ್ದಂಗ ಆಗತೈತಿ."

"ಮಷೀನಿನ ಉಷ್ಣಕ್ಕ ಕೀವು ಬರೂದಿಲ್ಲಪಾ," ಅಬ್ಬಾ ಸಮಾಧಾನವಾಗಿ ಅಂದರು. "ಮೂರು ವರ್ಷದ ಹಿಂದನೂ ಬಂದಿದ್ದಿ. ಈ ನಡುವ ಬ್ಯಾರೆ ಏನರ ತಗೊಂಡಿ?"

"ಮೆಡಿಕಲ್ ಅಂಗಡ್ಯಾಗ ಕೇಳಿ ಗುಳಿಗಿ ನುಂಗಿದೆ. ಮೊದ್ಲ ಸಲ ಎರಡು ದಿನಕ್ಕ ನಿಂತಿತ್ರಿ. ಈ ಸಲ ಹತ್ತಲೇ ಇಲ್ಲ."

ಅಬ್ಬಾ ಮತ್ತೇನೂ ಕೇಳಲಿಲ್ಲ. ಎಲ್ಲಿಗೆ ಹೋಗಿದ್ದಿ, ಯಾರ ಹತ್ತಿರ ಹೋಗಿದ್ದಿ ಅಂತ ಅವರು ಯಾರನ್ನೂ ಕೇಳಿದವರಲ್ಲ. ಅದಕ್ಕೇ ಸಿಂಧನೂರು ಕಡೆಯಿಂದಲೂ ಗಂಡಸರು ಈ ರೋಗ ಹೊತ್ತು ಅವರ ಬಾಗಿಲಿಗೆ ಬರುತ್ತಿದ್ದರು. ಪರದೆ ಸರಿಸಿ ನಾನು ಒಳಮನೆಗೆ ಹೋಗುವಾಗ ಅಬ್ಬಾ ಬತ್ತಾಸಿನ ಮೇಲೆ ಗಂಧದೆಣ್ಣೆಯ ಹನಿ ಬಿಡುತ್ತಿದ್ದರು. ಬೆಳ್ಳಗಿನ ಬತ್ತಾಸು ಎಣ್ಣೆ ಕುಡಿದು ಹಳದಿಯಾಗುತ್ತಿತ್ತು. ಎದುರು ಕೂತವನಿಗೆ ಮೂವತ್ತರ ಆಸುಪಾಸು. ಬಿಸಿಲಿಗೆ ಕರಕಾದ ಮುಖ, ಹುಬ್ಬಿನ ಮೇಲೊಂದು ಹಳೆಯ ಗಾಯದ ಗೆರೆ. ಹೆಂಗಸು ಬಂದದ್ದು ನೋಡಿ ಮುಖ ಗೋಡೆಗೆ ತಿರುಗಿಸಿಕೊಂಡ.

ಈ ರೋಗಕ್ಕೆ ನಮ್ಮ ಕಡೆ ಹೆಸರು ಬಹಳ. ಹಳ್ಳಿಯವರು ಪರಮಾ ಅಂತಾರೆ. ಬಾಯಿ ಬಿಟ್ಟು ಅನ್ನಲಾರದವರು ಉಷ್ಣ ಅಂದು ಸುಮ್ಮನಾಗುತ್ತಾರೆ. ಅಬ್ಬಾನ ಗ್ರಂಥಗಳಲ್ಲಿ ಅದು ಸೂಜಾಕ್, ಆಯುರ್ವೇದ ಓದಿದವರಿಗೆ ಪೂಯಮೇಹ, ಇಂಗ್ಲಿಷ್ ವೈದ್ಯರಿಗೆ ಗೊನೋರಿಯಾ. ಹಳೆಯ ಹಕೀಮರಿಗೂ ಇದು ಕೂಡುವುದರಿಂದ ಹತ್ತುವ ರೋಗ ಅಂತ ಗೊತ್ತಿತ್ತು. ಅವರ ಕಣ್ಣಿಗೆ ಕಂಡದ್ದು ಉರಿ, ಕೀವು, ಮೂತ್ರದ ದಾರಿಯ ಹುಣ್ಣು. ಅದಕ್ಕೆ ತಂಪು ಬೇಕು ಅಂತ ಗಂಧದೆಣ್ಣೆ, ಬಾಲಮೆಣಸು, ಸೌತೆಬೀಜದ ಹಾಲು, ಬಾರ್ಲಿ ಗಂಜಿ ಕೊಟ್ಟರು. ಪೆನ್ಸಿಲಿನ್ ಬರುವ ಮುಂಚೆ ಇಂಗ್ಲಿಷ್ ವೈದ್ಯರೂ ಇದೇ ಗಂಧದೆಣ್ಣೆ ಕೊಡುತ್ತಿದ್ದರು ಅನ್ನುವುದು ಅಬ್ಬಾನಿಗೆ ಹೆಮ್ಮೆಯ ಮಾತು. ಉರಿ ತಗ್ಗುತ್ತಿದ್ದದ್ದು ಸುಳ್ಳಲ್ಲ. ಆದರೆ ಈ ರೋಗದ್ದೊಂದು ಮೋಸದ ಗುಣವಿದೆ. ಏನೂ ಕೊಡದೆ ಬಿಟ್ಟರೂ ಕೆಲವು ವಾರಕ್ಕೆ ಗಂಡಸಿನ ಉರಿ ತಾನೇ ಇಳಿಯಬಹುದು, ಒಳಗಿನ ಕ್ರಿಮಿ ಮಾತ್ರ ಉಳಿಯಬಹುದು.

ಅವತ್ತು ಊಟಕ್ಕೆ ಕೂತಾಗ ನಾನು ಅದನ್ನೇ ಅಂದೆ. "ಅಬ್ಬಾ, ಅವನಿಗೆ ಇಂಜೆಕ್ಷನ್ ಬೇಕು. ಆಸ್ಪತ್ರಿಗೆ ಕಳಸಬೇಕಿತ್ತು."

"ಹೋಗ್ತಾನಂತಿ? ಅಲ್ಲಿ ಹೆಸರು ಬರಸಿ, ಸಾಲಿನ್ಯಾಗ ನಿಂತು, ಏನಾಗೇತಿ ಅಂದ್ರ ಏನಂತ ಹೇಳ್ಯಾನು? ಇಲ್ಲಿ ಪರದೆ ಐತಿ. ಮೂರು ವರ್ಷದ ಹಿಂದ ನಾ ಕೊಟ್ಟದ್ದಕ್ಕ ಕೀವು ನಿಂತಿತ್ತು, ಉರಿ ನಿಂತಿತ್ತು."

"ರೋಗ ನಿಂತಿತ್ತೋ, ಬರೇ ಸದ್ದು ನಿಂತಿತ್ತೋ?"

ಅಬ್ಬಾ ರೊಟ್ಟಿ ಮುರಿಯುತ್ತ ನಕ್ಕರು. ಕಾಲೇಜು ಮೆಟ್ಟಿ ಬಂದ ಮಗಳ ಮಾತಿಗೆ ಅವರು ಯಾವಾಗಲೂ ಹಾಗೆ ನಗುತ್ತಿದ್ದರು. ಮಾತು ಅಲ್ಲಿಗೆ ನಿಂತಿತು.

ಮುಂದಿನ ವಾರ ಯಲಬುರ್ಗಾದಲ್ಲಿ ನನ್ನ ಕೋಣೆಗೆ ಬೇವೂರಿನಿಂದ ಅತ್ತೆ ಸೊಸೆ ಬಂದರು. ಅತ್ತೆಯ ಹೆಸರು ಗಂಗವ್ವ. ಗಟ್ಟಿಮುಟ್ಟಾದ ಹೆಂಗಸು, ವಿಧವೆ, ಕಾಲ ಮೇಲೆ ಹೊಲದ ಎರೆಧೂಳು ಇನ್ನೂ ಹಾಗೇ ಇತ್ತು. ಸೊಸೆ ರೇಣವ್ವ ಬಾಗಿಲ ಬಳಿಯೇ ನಿಂತಳು. ಕುರ್ಚಿ ತೋರಿಸಿದರೂ ಅತ್ತೆ ಹೇಳುವವರೆಗೆ ಕೂರಲಿಲ್ಲ.

"ಲಗ್ನ ಆಗಿ ನಾಕು ವರ್ಷಾತ್ರಿ ಬಾಯಾರ," ಗಂಗವ್ವ ಶುರು ಮಾಡಿದಳು. "ಹೊಟ್ಟಿ ತುಂಬಲಿಲ್ಲ. ನೀವು ಗಿಡಮೂಲಿಕಿ ಡಾಕ್ಟರಂತ. ಗರ್ಭ ನಿಲ್ಲೋ ಔಷಧ ಕೊಡ್ರಿ. ಮಳಿಗಾಲದ ಮಟ ನೋಡತೀನಿ. ಆಮ್ಯಾಲೆ ನಮ್ಮ ಅಣ್ಣನ ಮಗಳದಾಳ, ಕೇಳೂದೂ ಆಗೇತಿ."

ಸೊಸೆಯ ಮುಂದೆಯೇ ಹೇಳಿದಳು. ರೇಣವ್ವ ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು. ಹೊಟ್ಟೆ ನೋಯುತ್ತದೆಯೇ ಅಂತ ಕೇಳಿದೆ. ತಲೆ ಆಡಿಸಿದಳು. ಕೆಳಹೊಟ್ಟೆಯಲ್ಲಿ ನೋವು, ಗಂಡ ಹತ್ತಿರ ಬಂದಾಗ ಹೆಚ್ಚು, ಬಿಳಿ ಸೆರಗು ಹೋಗುವುದು, ನಡುನಡುವೆ ಜ್ವರ. ಒಂದೊಂದನ್ನೂ ಕೇಳಿ ಕೇಳಿ ಹೊರಗೆಳೆಯಬೇಕಾಯಿತು.

"ಯಜಮಾನ್ರು ಏನ್ ಮಾಡ್ತಾರ?"

"ಗಂಗಾವತಿ ಸೀಮ್ಯಾಗ ಭತ್ತ ಕೊಯ್ಯೋ ಮಷೀನು ಹೊಡೀತಾರ್ರಿ," ರೇಣವ್ವ ಅಂದಳು. ಆ ಕೆಲಸದ ಬಗ್ಗೆ ಅವಳಿಗೆ ಅಭಿಮಾನವಿತ್ತು. ಫೋನು ತೆಗೆದು ತೋರಿಸಿದಳು. ಎತ್ತರದ ಮಷೀನಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ ಗಂಡಸು. ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ.

ನಾನು ಆ ಫೋನನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿರಬೇಕು. "ಗುರುತದಾರೇನ್ರಿ?" ಅಂತ ಕೇಳಿದಳು. ಮಷೀನು ಭಾಳ ದೊಡ್ಡದೈತಿ ಅಂತ ಏನೋ ಅಂದೆ. ಅಬ್ಬಾನ ಪರದೆಯೊಳಗೆ ಕೇಳಿದ್ದನ್ನು ನಾನು ಈ ಕೋಣೆಯಲ್ಲಿ ಹೇಳುವ ಹಾಗಿರಲಿಲ್ಲ. ಹೇಳದೆ ಗರ್ಭದ ಔಷಧ ಬರೆದುಕೊಟ್ಟು ಕಳಿಸುವ ಹಾಗೂ ಇರಲಿಲ್ಲ.

ಪಕ್ಕದ ಕೋಣೆಯಲ್ಲಿ ಸ್ತ್ರೀರೋಗದ ಡಾಕ್ಟರ್ ಸುನಂದಾ ಇದ್ದರು. ನನಗಿಂತ ಹಿರಿಯರು, ಮಾತು ಕಡಿಮೆ. ರೇಣವ್ವನನ್ನು ಅವರ ಹತ್ತಿರ ಕರೆದೊಯ್ದೆ, ಗಂಗವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದೆ. ಪರೀಕ್ಷೆ ಮುಗಿಸಿ ಕೈ ತೊಳೆಯುತ್ತ ಅವರು ನನ್ನ ಕಡೆ ನೋಡಿದ ನೋಟದಲ್ಲೇ ಅರ್ಥವಾಯಿತು. ಗರ್ಭಕೋಶ, ನಾಳ, ಎಲ್ಲ ಕಡೆ ಸೋಂಕು ಹಬ್ಬಿದೆ. ಪರೀಕ್ಷೆಗೆ ಕಳಿಸಿದ ದ್ರವದ ವರದಿಗೆ ಕಾಯುವುದು ಬೇಡ, ಔಷಧ ಇವತ್ತೇ ಶುರುವಾಗಲಿ ಅಂದರು.

ನಂತರ ರೇಣವ್ವನ ಹತ್ತಿರ ಸ್ಟೂಲು ಎಳೆದು ಕೂತರು. "ನೋಡವಾ, ಇದು ಒಬ್ಬರಿಂದ ಒಬ್ಬರಿಗೆ ಹತ್ತೋ ಸೋಂಕು. ಹೆಂಗಸಿಗೆ ಭಾಳ ದಿನ ಗೊತ್ತಾಗೂದೇ ಇಲ್ಲ. ಗುಳಿಗಿ ಪೂರ್ತಿ ನುಂಗಬೇಕು. ನಿನ್ನ ಗಂಡನೂ ಔಷಧ ತಗೋಬೇಕು. ಅಲ್ಲೀಮಟ ಇಬ್ಬರೂ ಕೂಡಬಾರದು."

ರೇಣವ್ವ ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚಿದಳು. "ಅವರಿಂದ ಬಂದೈತೇನ್ರಿ?"

"ಬಂದಿರಬಹುದು. ನಿನ್ನ ಮಟ್ಟಿಗೆ ನೀನ ಹೇಳಬೇಕು."

"ನನಗ ಅವರನ್ನ ಬಿಟ್ಟು ಯಾರೂ ಇಲ್ರಿ," ಅಂದಳು. ಅತ್ತೆಗೆ ಹೇಳಬೇಡಿ ಅಂತ ಕೇಳಿಕೊಂಡಳು. ಹೊರಗೆ ಬಂದು ಗಂಗವ್ವನಿಗೆ, ಮಗನನ್ನೂ ಒಮ್ಮೆ ಕರೆತನ್ನಿ, ಮಕ್ಕಳ ವಿಷಯದಲ್ಲಿ ಇಬ್ಬರನ್ನೂ ನೋಡಬೇಕಾಗುತ್ತದೆ ಅಂತಷ್ಟೇ ಹೇಳಿದೆ.

"ಅಂವಗೇನಾಗೇತ್ರಿ? ಕಲ್ಲಿನಂಗ ಅದಾನ," ಅಂದು ಗಂಗವ್ವ ಔಷಧದ ಚೀಲ ಕಂಕುಳಿಗೆ ಸೇರಿಸಿದಳು.

ಅವರು ಹೋದ ಮೇಲೆ ಸುನಂದಾ ಮೇಡಮ್ಮಿಗೆ ನಾನು ಹೆಸರು ಹೇಳದೆ ಕೇಳಿದೆ: ಮೆಡಿಕಲ್ ಅಂಗಡಿಯ ಗುಳಿಗೆ ಮೊದಲ ಸಲ ಕೆಲಸ ಮಾಡಿ ಎರಡನೇ ಸಲ ಯಾಕೆ ಹತ್ತುವುದಿಲ್ಲ? ಅವರು ಚಹಾದ ಲೋಟ ಕೆಳಗಿಟ್ಟರು. "ಒಂದು ಕಾಲಕ್ಕ ಇದಕ್ಕ ಪೆನ್ಸಿಲಿನ್ ಸಾಕಿತ್ತು. ಆಮ್ಯಾಲೆ ಅದೂ ಹೋತು, ಅದರ ಹಿಂದಿನ ಗುಳಿಗಿನೂ ಹೋತು. ಈಗ ಕೈಯ್ಯಾಗ ಉಳಿದದ್ದು ಸ್ವಲ್ಪ. ನಿಮ್ಮ ಗಂಧದೆಣ್ಣಿ ರೋಗ ಮುಚ್ಚಿಟ್ಟಿತು. ನಮ್ಮ ಅರ್ಧಮರ್ಧ ಗುಳಿಗಿ ಆ ರೋಗವನ್ನ ಸಾಲಿಗೆ ಕಳಿಸಿ ಶ್ಯಾಣ್ಯಾ ಮಾಡಿತು. ಯಾರು ಯಾರಿಗೆ ಬುದ್ಧಿ ಹೇಳೂದು?"

ಆ ಶನಿವಾರ ಗಂಗಾವತಿಗೆ ಹೋಗುವಷ್ಟರಲ್ಲಿ ಗಾಳಿ ಎದ್ದಿತ್ತು. ಮಳೆ ಬರುವ ಮುಂಚೆ ಕೊಯ್ಲು ಮುಗಿಸಬೇಕು ಅಂತ ಮಷೀನುಗಳು ಬಿಡುವಿಲ್ಲದೆ ಓಡುತ್ತಿದ್ದವು. ಅಬ್ಬಾ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು ದವಾಖಾನೆಯ ಕಟ್ಟೆ ಮೇಲೆ ಕೂತಿದ್ದರು. ಆ ಹುಬ್ಬಿನ ಗಾಯದವನ ಹೆಸರೇನು ಅಂತ ಕೇಳಿದೆ.

"ಯಾಕ?" ಅಬ್ಬಾನ ದನಿ ಬಿಗಿಯಾಯಿತು. "ನನ್ನ ಮುಂದ ಹೇಳಿದ್ದು ನನ್ನ ಹೊಟ್ಟ್ಯಾಗ ಇರತೈತಿ ಬೇಟಿ. ಮಗಳಾದ್ರೂ ಅಷ್ಟ."

"ಅವನ ಹೆಂಡತಿ ನನ್ನ ಕಡೆ ಬಂದಿದ್ಲು. ಮಕ್ಕಳಾಗಲಿಲ್ಲ ಅಂತ. ಒಳಗೆಲ್ಲ ಕೀವಾಗೇತಿ. ಅವಳ ಅತ್ತಿ ಎರಡನೇ ಲಗ್ನಕ್ಕ ಹೆಣ್ಣು ನೋಡ್ಯಾಳ."

ಅಬ್ಬಾ ಕಟ್ಟೆಯ ಮೇಲೆ ಸರಿದು ನನಗೆ ಜಾಗ ಮಾಡಿದರು. ಬಜಾರಿನಲ್ಲಿ ಹೊಟ್ಟಿನ ಚೀಲ ಹೇರಿದ ಟ್ರ್ಯಾಕ್ಟರು ಹೋಯಿತು.

"ನನ್ನ ಕಡೇನೂ ಬರತಿದ್ರು," ಅಬ್ಬಾ ಅಂದರು. "ಹೆಣ್ಣುಮಕ್ಕಳು. ಮಕ್ಕಳಾಗಲಿಲ್ಲ ಅಂತ. ಅಶೋಕ ಗಿಡದ ಚಕ್ಕಿ ಕೊಡತಿದ್ದೆ, ದುವಾ ಮಾಡತಿದ್ದೆ. ಇದೇ ಓಣಿಯಿಂದ, ಇದೇ ಕಾಲುವಿ ಮ್ಯಾಲಿನ ಕ್ಯಾಂಪ್ ಊರಿಂದ. ಅವರ ಗಂಡಂದಿರೂ ನನ್ನ ಕಡೇನ ಬಂದು ಹೋಗಿರತಿದ್ರು, ವರ್ಷದ ಹಿಂದ, ಎರಡು ವರ್ಷದ ಹಿಂದ. ಗಂಡಸು ಪರದೆ ಈ ಕಡೆ ಕುಂತ, ಹೆಂಗಸು ಆ ಕಡೆ ಕುಂತಳು. ಇಬ್ಬರಿಗೂ ಬ್ಯಾರೆ ಬ್ಯಾರೆ ಪುಡಿ ಕಟ್ಟಿದೆ. ಒಂದ ಮನಿಯಾಗಿನ ರೋಗ ಅಂತ ನನ್ನ ತಲ್ಯಾಗ ಬರಲಿಲ್ಲ."

ನನ್ನ ಕೋಣೆಗೂ ಹೆಂಗಸರು ಗಂಡನಿಲ್ಲದೆಯೇ ಬರುತ್ತಿದ್ದರು. ಎಲ್ಲ ವೈದ್ಯರ ಬಾಗಿಲಿಗೂ ಗಂಡ ಹೆಂಡತಿ ಬೇರೆ ಬೇರೆಯಾಗಿಯೇ ಬರುತ್ತಾರೆ. ಯಾವ ಗ್ರಂಥವನ್ನೂ ದೂರಿ ಪ್ರಯೋಜನವಿರಲಿಲ್ಲ.

ಮರುದಿನ ಬೆಳಿಗ್ಗೆ ಅಬ್ಬಾ ಬಿಳಿ ಪೈಜಾಮ ತೊಟ್ಟು, ಸ್ಕೂಟಿ ತೆಗಿ ಅಂದರು. ದೇವಪ್ಪ, ಅದು ಅವನ ಹೆಸರು, ಸಾಣಾಪುರದ ಕಡೆ ಕೊಯ್ಲಿಗೆ ಹೋಗ್ಯಾನಂತ ಅವರೇ ಬಜಾರಿನಲ್ಲಿ ವಿಚಾರಿಸಿ ಬಂದಿದ್ದರು. ಕೆರೆಯ ಹತ್ತಿರ ಪ್ರವಾಸಿಗಳ ಬಾಡಿಗೆ ಬೈಕುಗಳು ಸಾಲಾಗಿ ನಿಂತಿದ್ದವು. ಅವನ್ನು ದಾಟಿ, ಬಂಡೆಗಳ ಸಂದಿನ ಗದ್ದೆಗಳ ಕಡೆ ಹೋದೆವು. ಮಷೀನಿನ ಸದ್ದು ದೂರದಿಂದಲೇ ಕೇಳಿತು. ಬದುವಿನ ಮೇಲೆ ಹಕೀಮರನ್ನು ಕಂಡು ದೇವಪ್ಪ ಮಷೀನು ನಿಲ್ಲಿಸಿ ಇಳಿದು ಬಂದ. ನನ್ನ ಗುರುತೂ ಹತ್ತಿರಬೇಕು, ಹೆಜ್ಜೆ ನಿಧಾನವಾಯಿತು.

ಜಾಲಿಯ ನೆರಳಿನಲ್ಲಿ ಅಬ್ಬಾ ನೆಲದ ಮೇಲೆಯೇ ಕೂತರು. ನಾನು ಸ್ಕೂಟಿಯ ಹತ್ತಿರ ಉಳಿದೆ. ಗಾಳಿ ನನ್ನ ಕಡೆಗೇ ಬೀಸುತ್ತಿದ್ದರಿಂದ ಮಾತು ಕೇಳುತ್ತಿತ್ತು.

"ಮೂರು ವರ್ಷದ ಹಿಂದ ನಿನಗ ಆರಾಮಾತು, ಮನಿಗೆ ಹೋಗು ಅಂದಿದ್ದೆ. ನಾ ಹೇಳಿದ್ದು ತಪ್ಪಿತ್ತು ದೇವಪ್ಪ. ಉರಿ ಹೋಗಿತ್ತು, ರೋಗ ಹೋಗಿರಲಿಲ್ಲ. ನೀ ಅದನ್ನ ಮನಿಗೆ ಒಯ್ದಿ."

ದೇವಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ಮನ್ಯಾಗ ಆಕಿಗೇನೂ ಇಲ್ರಿ. ಎಂದೂ ಉರಿ ಅಂದಿಲ್ಲ."

"ಹೆಂಗಸಿಗೆ ಉರಿ ಕಾಣಂಗಿಲ್ಲ. ಸುಮ್ಮನ ಒಳಗ ತಿಂತೈತಿ. ಕೂಸು ಬರೋ ದಾರೀನ ಮುಚ್ಚತೈತಿ."

ದೇವಪ್ಪ ನನ್ನ ಕಡೆ ನೋಡಿದ. ಅವನ ಹೆಂಡತಿ ನನ್ನ ಹತ್ತಿರ ಬಂದದ್ದು ಆಗ ಅವನಿಗೆ ಹೊಳೆಯಿತು ಅಂತ ಕಾಣುತ್ತದೆ. ತಾಯಿ ಫೋನಿನಲ್ಲಿ ಯಲಬುರ್ಗಾದ ಬಾಯಾರ ಅಂತ ಹೇಳಿರಬೇಕು. ಭತ್ತದ ಕೂಳೆಯನ್ನು ಕಾಲಿನಿಂದ ಮೀಟಿದ.

"ನಾವು ಮೂರು ತಿಂಗಳು ಊರ ಬಿಟ್ಟು ಇರತೀವ್ರಿ," ಅಂದ. "ಇಲ್ಲಿ, ರಾಯಚೂರು, ಆಚೆ ತೆಲಂಗಾಣ. ಎಲ್ಲಾರೂ ಹೋಗ್ತಾರ, ನಾನೂ ಹೋದೆ. ಹೇಳಿದ್ರ ಆಕಿ ಉಳೀತಾಳೇನ್ರಿ?"

"ಅದು ನನಗ ಗೊತ್ತಿಲ್ಲಪಾ. ಔಷಧಕ್ಕ ಈಗ ನಡಿ. ಹೇಳೂದು ಬಿಡೂದು ನಿನ್ನ ಬಾಯಿ."

ಮಷೀನನ್ನು ಜೊತೆಯವನಿಗೆ ಒಪ್ಪಿಸಿ ಅವನು ನಮ್ಮ ಹಿಂದೆ ಬೈಕಿನಲ್ಲಿ ಬಂದ. ಪರಿಚಯದ ಡಾಕ್ಟರೊಬ್ಬರಲ್ಲಿ ಅಬ್ಬಾ ಪಕ್ಕದಲ್ಲೇ ನಿಂತು ಇಂಜೆಕ್ಷನ್ ಕೊಡಿಸಿದರು. ರಕ್ತವನ್ನೂ ಬೇರೆ ರೋಗಗಳಿಗಾಗಿ ಪರೀಕ್ಷೆ ಮಾಡಿದರು, ಬೇರೇನೂ ಸಿಗಲಿಲ್ಲ. ಅಷ್ಟು ವರ್ಷ ಇನ್ನೊಬ್ಬ ವೈದ್ಯನ ಬಾಗಿಲಿಗೆ ರೋಗಿಯನ್ನು ಕರೆದೊಯ್ಯದ ಅಬ್ಬಾ ಆ ಬೆಂಚಿನ ಮೇಲೆ ರೋಗಿಯ ಸಂಬಂಧಿಯಂತೆ ಕೂತಿದ್ದರು.

ಜೂನಿನಲ್ಲಿ ಮೊದಲ ಮಳೆ ಬಿದ್ದು ಬೇವೂರಿನವರು ಹೆಸರು ಬಿತ್ತಿದರು. ರೇಣವ್ವನ ನೋವು, ಜ್ವರ ನಿಂತಿದ್ದವು. ಗುಳಿಗೆ ಒಂದೂ ತಪ್ಪಿಸದೆ ನುಂಗಿದ್ದಳು. ನಾಳಗಳ ಸ್ಥಿತಿ ತಿಳಿಯಲು ಕೊಪ್ಪಳದಲ್ಲಿ ಬಣ್ಣ ಬಿಟ್ಟು ಎಕ್ಸರೇ ತೆಗೆಸಬೇಕು ಅಂತ ಸುನಂದಾ ಮೇಡಮ್ಮು ಹೇಳಿದರು. ಗಂಗವ್ವ ಖುಷಿಯಿಂದಲೇ ಒಪ್ಪಿದಳು. ಎಕ್ಸರೇ ತೆಗೆದರೆ ದೋಷ ಯಾರದು ಅಂತ ಇತ್ಯರ್ಥವಾಗುತ್ತದೆ ಅನ್ನುವುದು ಅವಳ ಲೆಕ್ಕ. ಆ ದಿನ ನನಗೆ ಕೊಪ್ಪಳದಲ್ಲಿ ಮೀಟಿಂಗಿತ್ತು, ಮುಗಿಸಿಕೊಂಡು ಅಲ್ಲಿಗೆ ಹೋದೆ. ದೇವಪ್ಪನೂ ಬಂದಿದ್ದ.

ಎರಡೂ ನಾಳ ಮುಚ್ಚಿದ್ದವು. ಅಲ್ಲಿಯ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ತಾಳ್ಮೆಯಿಂದ ವಿವರಿಸಿದರು. ದೊಡ್ಡ ಊರುಗಳಲ್ಲಿ ಬೇರೆ ವಿಧಾನಗಳಿವೆ, ಖರ್ಚಿನವು, ಮಗು ಆಗುವ ಖಾತ್ರಿಯೂ ಇಲ್ಲ ಅಂದರು. ತಾನಾಗಿ ಗರ್ಭ ನಿಲ್ಲುವುದು ಕಷ್ಟ.

ಹೊರಗಿನ ಕಾರಿಡಾರಿನಲ್ಲಿ ಗಂಗವ್ವ ಗೋಡೆಗೆ ಒರಗಿ ಕೂತಳು. "ನಾ ಮೊದ್ಲ ಅಂದಿದ್ದಿಲ್ಲೇನ್ರಿ ಬಾಯಾರ? ಬಂಜೀನ್ನ ತಂದು ನಾಕು ವರ್ಷ ಉಣ್ಣಾಕ ಇಟ್ಟೆ. ಇನ್ನ ಅಣ್ಣನ ಮನಿಗೆ ಹೇಳಿ ಕಳಸೂದ."

ರೇಣವ್ವ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ದೇವಪ್ಪ ತಾಯಿಯ ಎದುರು ಕುಕ್ಕರುಗಾಲಲ್ಲಿ ಕೂತ.

"ಅವ್ವಾ, ಆಕೀದಲ್ಲ. ನಂದು."

"ಏನು ನಿಂದು?"

"ರೋಗ. ನಾ ಹೊರಗ ಹೋಗಿ ತಂದೆ. ಆಕಿಗೆ ನಾ ಹಚ್ಚಿದೆ. ಈ ಡಾಕ್ಟರಬಾಯಾರಿಗೂ ಗೊತ್ತು, ಇವರ ಅಪ್ಪಗೂ ಗೊತ್ತು."

ಗಂಗವ್ವ ಮಗನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ಅಲ್ಲ ಅನ್ನುತ್ತೇನೆ ಅಂತ ಕಾದಳು. ರೇಣವ್ವ ಕಿಟಕಿ ಬಿಟ್ಟು ತಿರುಗಲೇ ಇಲ್ಲ. ಆಮೇಲೆ ಎಕ್ಸರೇಯ ಲಕೋಟೆಯನ್ನು ಅತ್ತೆಯ ಪಕ್ಕದ ಬೆಂಚಿನ ಮೇಲಿಟ್ಟು ಒಬ್ಬಳೇ ಮೆಟ್ಟಿಲಿಳಿದು ಹೋದಳು. ಅವಳ ತವರು ಕಿನ್ನಾಳ, ಕೊಪ್ಪಳದಿಂದ ಹತ್ತಿರ. ಅವತ್ತು ಅವಳು ಬೇವೂರಿನ ಬಸ್ಸು ಹತ್ತಲಿಲ್ಲ.

ಶ್ರಾವಣದಲ್ಲಿ ನಾನು ಕಿನ್ನಾಳಕ್ಕೆ ಹೋದೆ. ಜಿಟಿಜಿಟಿ ಮಳೆ. ರೇಣವ್ವ ಗೊಂಬೆ ಮಾಡುವವರ ಮನೆಯ ಪಡಸಾಲೆಯಲ್ಲಿ ಕೂಲಿಗೆ ಕೂತಿದ್ದಳು. ಹಗುರ ಕಟ್ಟಿಗೆಯ ಗಿಳಿಗಳನ್ನು ಮರಳುಕಾಗದದಿಂದ ತಿಕ್ಕಿ ಬಣ್ಣ ಹಚ್ಚುವವರ ಕಡೆ ಸರಿಸುವುದು ಅವಳ ಕೆಲಸ. ಕೈ ನಿಲ್ಲಿಸದೆ ಮಾತಾಡಿದಳು.

"ಆ ದೊಡ್ಡ ಡಾಕ್ಟರಬಾಯಾರು ಹತ್ತೋ ಸೋಂಕು ಅಂದ ದಿನಾನ ನನಗ ಗೊತ್ತಾಗಿತ್ರಿ. ಅಂವನ ಬಾಯಿಂದ ಬರಲಿ ಅಂತ ಕಾದೆ. ದಿನಾ ಫೋನ್ ಮಾಡತಿದ್ದ. ಉಂಡಿ ಏನು ಅಂತಿದ್ದ, ಮಳಿ ಬಂತೇನು ಅಂತಿದ್ದ. ಅಂವ ಖರೆ ಹೇಳಬೇಕಂದ್ರ ನನ್ನ ಹೊಟ್ಟಿ ಫೋಟೋ ತಗಸಬೇಕಾತು."

"ಆದ್ರೂ ಎಲ್ಲಾರ ಮುಂದ ಹೇಳಿದ," ಅಂದೆ.

"ಹೇಳಿದ. ಅದಕ್ಕ ಸಿಟ್ಟು ಅರ್ಧ ಆಗೇತಿ. ಉಳಿದ ಅರ್ಧ ಹೆಂಗ ಹೋಗತೈತೋ ಗೊತ್ತಿಲ್ರಿ." ಒಂದು ಗಿಳಿಯ ಕೊಕ್ಕನ್ನು ಬೆರಳಿನಿಂದ ಸವರಿ ನಯವಾಗಿದೆಯೇ ನೋಡಿದಳು. "ವಾರಕ್ಕೊಮ್ಮೆ ಬರತಾನ. ಕಟ್ಟಿ ಮ್ಯಾಲೆ ಕುಂತು ಹೋಗ್ತಾನ. ಮಷೀನು ಬಿಟ್ಟೀನಿ ಅಂತಾನ. ಬೇವೂರಾಗ ಬಂಜಿ ಅನಿಸಿಕೊಂಡು ಮತ್ತ ನಾ ಆ ಓಣಿ ತುಳಿಯಾಕಿ ಅಲ್ಲ. ಅಂದವರು ಬಂದು ಮಾತು ಹಿಂದ ತಗೋಬೇಕು."

ಅಬ್ಬಾ ಆ ಮಳೆಗಾಲದಲ್ಲಿ ಒಂದು ರೂಢಿ ಶುರು ಮಾಡಿದ್ದರು. ಉಷ್ಣ ಅಂತ ಬಂದ ಗಂಡಸಿಗೆ ಉರಿ ತಗ್ಗಲು ಬಾರ್ಲಿ ಗಂಜಿ ಹೇಳುತ್ತಿದ್ದರು. ಇಂಜೆಕ್ಷನ್ ಕೊಡಿಸಲು ತಾವೇ ಜೊತೆಗೆ ನಡೆಯುತ್ತಿದ್ದರು. ಹೆಂಡತಿಯನ್ನೂ ತೋರಿಸು, ಇಲ್ಲದಿದ್ದರೆ ನನ್ನ ಬಾಗಿಲಿಗೆ ಬರಬೇಡ ಅನ್ನುತ್ತಿದ್ದರು. ಕೆಲವರು ಬರುವುದನ್ನೇ ಬಿಟ್ಟರು. ಹೋದವರನ್ನು ನೆನೆದು ಅಬ್ಬಾ ಬೇಸರಪಟ್ಟುಕೊಂಡದ್ದುಂಟು, ಮಾತು ಮಾತ್ರ ಬದಲಿಸಲಿಲ್ಲ.

ಚಳಿ ಬಿದ್ದು ಬಿಳಿಜೋಳ ಮೊಣಕಾಲೆತ್ತರ ಬಂದ ಹೊತ್ತಿನಲ್ಲಿ ಗಂಗವ್ವ ಒಬ್ಬಳೇ ನನ್ನ ಕೋಣೆಗೆ ಬಂದಳು. ಸರದಿಯವರೆಲ್ಲ ಹೋಗುವವರೆಗೆ ಬೆಂಚಿನ ಮೇಲೆ ಕಾದು ಕೂತಿದ್ದಳು. ಜಗಳಕ್ಕೆ ಬಂದಿದ್ದಾಳೆ ಅಂದುಕೊಂಡು ನಾನು ನನ್ನ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಒಳಗೆ ಬಂದು ಬಾಗಿಲು ತಾನೇ ಮುಂದೆ ಮಾಡಿದಳು.

"ಒಂದು ಕೇಳಬೇಕ್ರಿ ಬಾಯಾರ. ನಗಬ್ಯಾಡ್ರಿ."

"ಹೇಳ್ರಿ."

"ದೇವಪ್ಪನ ಅಪ್ಪ ಗೋವಾದಾಗ ಕಲ್ಲು ಒಡಿಯಾಕ ಹೋಗತಿದ್ದ. ವರ್ಷಕ್ಕ ಎರಡು ಸಲ ಊರಿಗೆ ಬರಾಂವ. ದೇವಪ್ಪ ಹುಟ್ಟಿದ ಮ್ಯಾಲೆ ಒಂದು ಸಲ ಬಂದು ಹೋದ. ಆಮ್ಯಾಲೆ ನನಗ ಹಿಂಗ ಹೊಟ್ಟಿನೋವು ಹತ್ತಿತ್ರಿ. ಜ್ವರ ಬರತಿತ್ತು, ಹಾಸಿಗಿ ಹಿಡಿದೆ. ಬಿಸಿ ಇಟ್ಟಿಗಿ ಕಾಸಿ ಇಟ್ಟರು, ದೇವರಿಗೆ ಬಿಟ್ಟರು. ಆರಾಮಾತು. ಆದ್ರ ಮತ್ತ ಹೊಟ್ಟಿ ನಿಲ್ಲಲೇ ಇಲ್ಲ. ಒಂದ ಕೂಸಿಗೆ ಕಲ್ಲಾದಳು ಅಂತ ನನ್ನ ಅತ್ತಿ ಸಾಯೋತನಕ ಅಂದಳ್ರಿ. ಉಂಬಾಗ ಅಂದಳು, ನೀರು ತರುವಾಗ ಅಂದಳು. ಯಜಮಾನನೂ ಸುಮ್ಮನ ಕೇಳಿದ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅದೂ ಇದೇ ಇದ್ದಿರಬಹುದೇನ್ರಿ?"

ಹೌದು ಅನ್ನಲು ನನ್ನ ಕೈಯಲ್ಲಿ ಯಾವ ಪರೀಕ್ಷೆಯೂ ಇರಲಿಲ್ಲ. ಒಂದು ಹೆರಿಗೆಯಾದ ಮೇಲೆ ಹೀಗೆ ಸೋಂಕು ಹತ್ತಿ ಎರಡನೆಯದು ನಿಲ್ಲದ ಹೆಂಗಸರ ಬಗ್ಗೆ ನಾನು ಓದಿದ್ದೆ. ಅಷ್ಟನ್ನೇ ಹೇಳಿದೆ. "ಇದ್ದಿರಬಹುದವ್ವಾ. ಈಗ ಖಾತ್ರಿ ಮಾಡಿ ಹೇಳಾಕ ಬರಂಗಿಲ್ಲ. ಆದ್ರ ಇದ್ದಿರಬಹುದು."

ಗಂಗವ್ವ ಅಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿಟ್ಟು ಅವನ್ನೇ ನೋಡುತ್ತ ಕೂತಳು. ಹೊರಗೆ ಆಸ್ಪತ್ರೆಯ ಬಾಗಿಲು ಮುಚ್ಚುವ ಸದ್ದಾಯಿತು.

"ಹಂಗಾರ ನಂದೂ ತಪ್ಪಿರಲಿಲ್ಲ," ಅಂದಳು. ನನಗೆ ಹೇಳಿದ್ದಲ್ಲ ಅದು.

ಎದ್ದು ಸೆರಗು ಸರಿಪಡಿಸಿಕೊಂಡಳು. ಅಣ್ಣನ ಮನೆಗೆ ಹೆಣ್ಣು ಬೇಡ ಅಂತ ಹೇಳಿ ಕಳಿಸಿದ್ದಾಗಿತ್ತಂತೆ. ಸಂಜೆಯ ಬಸ್ಸು ಹಿಡಿದರೆ ಇವತ್ತೇ ಕಿನ್ನಾಳ ಮುಟ್ಟಬಹುದೇ ಅಂತ ಕೇಳಿದಳು. ಕೊಪ್ಪಳದಲ್ಲಿ ಬಸ್ಸು ಬದಲಿಸಬೇಕು ಅಂದೆ. ಆ ಚಳಿಗಾಲ ರೇಣವ್ವ ಬೇವೂರಿಗೆ ಮರಳಿದಳು. ಮಕ್ಕಳಾಗಲಿಲ್ಲ. ದೇವಪ್ಪ ಊರಲ್ಲೇ ಟ್ರ್ಯಾಕ್ಟರು ಹೊಡೆದುಕೊಂಡು ಉಳಿದ. ಅವಳನ್ನು ಕರೆದು ತಂದದ್ದು ಮಾತ್ರ ಅವನಲ್ಲ. ಕಿನ್ನಾಳದ ಆ ಪಡಸಾಲೆಯಲ್ಲಿ, ಗೊಂಬೆ ತಿಕ್ಕುವ ಹೆಂಗಸರೆಲ್ಲ ಕೇಳುವಂತೆ, ಗಂಗವ್ವ ಸೊಸೆಯ ಎದುರು ನೆಲದ ಮೇಲೆ ಕೂತು ಹೇಳಿದಳಂತೆ: "ನಾ ಬಂಜಿ ಅಂದಿದ್ದೆ. ನನಗೂ ಹಿಂಗ ಒಂದು ಮಾತು ಅಂದಿದ್ರವಾ. ಎರಡೂ ಸುಳ್ಳು."